ಹಾಲಿಲ್ಲದ ಮನೆಯಲ್ಲಿ ಮೂಳೆಯ ಲೆಕ್ಕ: ಗ್ಯಾಲಕ್ಟೊಸೀಮಿಯಾ ಇರುವವರಿಗೆ

ಮಗಳು ಹುಟ್ಟಿದ ಹನ್ನೊಂದನೇ ದಿನಕ್ಕೆ ಎದೆಹಾಲು ನಿಲ್ಲಿಸಿದೆವು. ಕಾಮಾಲೆ ಇಳಿದಿರಲಿಲ್ಲ. ಕುಡಿದದ್ದೆಲ್ಲ ವಾಂತಿ. ಹೊಟ್ಟೆ ಮುಟ್ಟಿದ ಡಾಕ್ಟ್ರು ಲಿವರ್ ಊದಿದೆ ಅಂದರು. ರಕ್ತಪರೀಕ್ಷೆಯಲ್ಲಿ ಕ್ಲಾಸಿಕ್ ಗ್ಯಾಲಕ್ಟೊಸೀಮಿಯಾ ಅಂತ ಬಂತು. ಹಾಲಿನ ಸಕ್ಕರೆಯ ಒಂದು ಭಾಗವನ್ನು ದೇಹ ಅರಗಿಸಿಕೊಳ್ಳಲಾರದ ಹುಟ್ಟು ಕಾಯಿಲೆ ಅದು. ಅವಳಿಗೆ ಈಗ 13 ವರ್ಷ. ಈ 13 ವರ್ಷದಲ್ಲಿ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಹಾಲೇ ಕುಡಿಯಲ್ಲ ಅಂದ್ರೆ ಮೂಳೆ ಗತಿ ಏನು?"

ಪ್ರಶ್ನೆ ಸರಿಯಾದದ್ದೇ. ಆದರೆ ಅದರೊಳಗೆ ಒಂದು ತಪ್ಪು ಕೂತಿದೆ. ಹಾಲು ಇಲ್ಲದ್ದಕ್ಕೆ ಮಾತ್ರ ಮೂಳೆ ಸೊರಗುತ್ತದೆ ಅಂತ ನಾವೂ ಬಹಳ ವರ್ಷ ನಂಬಿದ್ದೆವು. ಕ್ಯಾಲ್ಸಿಯಂ ಹಿಂದೆಯೇ ಓಡಿದೆವು. ನೋಡಬೇಕಾದ ಇನ್ನೂ ಎರಡು ಕಡೆ ನೋಡಲಿಲ್ಲ: ಒಂದು ಮಾತ್ರೆಯ ಡಬ್ಬಿಯ ಹಿಂಬದಿ, ಇನ್ನೊಂದು ಹಾರ್ಮೋನು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಫೈಲು ಹೊತ್ತು ಓಡಾಡಿದ ತಾಯಿ. ಔಷಧಿ, ಡೋಸು ಏನಿದ್ದರೂ ನಿಮ್ಮ ಡಾಕ್ಟ್ರ ಮಾತೇ ಕೊನೆ.

ಹೆಜ್ಜೆ 1: ಯಾವ ಬಗೆ ಅನ್ನುವುದು ಕಾಗದದಲ್ಲಿರಲಿ

ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಹೊಟ್ಟೆಗೆ ಹೋದ ಮೇಲೆ ಅದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಅಂತ ಎರಡಾಗಿ ಒಡೆಯುತ್ತದೆ. ಗ್ಯಾಲಕ್ಟೋಸನ್ನು ಮುಂದೆ ಅರಗಿಸಲು ಗ್ಯಾಲ್ಟ್ ಎಂಬ ಎನ್‌ಜೈಮ್ ಬೇಕು. ಕ್ಲಾಸಿಕ್ ಬಗೆಯವರಲ್ಲಿ ಅದು ಹೆಚ್ಚುಕಡಿಮೆ ಇರುವುದೇ ಇಲ್ಲ. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಹೀಗಾಗುತ್ತದೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ.

ಡ್ವಾರ್ಟೆ ಅಂತ ಇನ್ನೊಂದು ಸೌಮ್ಯ ಬಗೆ ಇದೆ. ಅದರಲ್ಲಿ ಎನ್‌ಜೈಮ್ ಸ್ವಲ್ಪ ಕೆಲಸ ಮಾಡುತ್ತಿರುತ್ತದೆ. ಅವರಿಗೆ ಸಾಮಾನ್ಯವಾಗಿ ಇಷ್ಟೆಲ್ಲ ಪಥ್ಯ ಬೇಕಿಲ್ಲ. ನಿಮ್ಮ ಫೈಲಿನಲ್ಲಿ ಬರೀ "ಗ್ಯಾಲಕ್ಟೊಸೀಮಿಯಾ" ಅಂತ ಬರೆದಿದ್ದರೆ ಯಾವ ಬಗೆ ಅಂತ ಮೊದಲು ಕೇಳಿಕೊಳ್ಳಿ. ಮುಂದಿನ ಮಾತೆಲ್ಲ ಕ್ಲಾಸಿಕ್ ಬಗೆಯವರಿಗೆ.

ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಹೋಗಬಹುದಾದ ಜಾಗವೂ ಇದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಗ್ಯಾಲಕ್ಟೊಸೀಮಿಯಾ ಹೆಸರಿದೆ. ವಿಶೇಷ ಆಹಾರದಿಂದ ನಿಭಾಯಿಸುವ ಕಾಯಿಲೆಗಳ ಗುಂಪಿನಲ್ಲಿ ಅದನ್ನು ಇಟ್ಟಿದ್ದಾರೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಆ ನೀತಿಯ ಉತ್ಕೃಷ್ಟತಾ ಕೇಂದ್ರವಾಗಿವೆ.

ಹೆಜ್ಜೆ 2: ಬಿಡಬೇಕಾದ್ದನ್ನು ಮಾತ್ರ ಬಿಡಿ

ಹಾಲು, ಮೊಸರು, ಮಜ್ಜಿಗೆ, ಪನೀರ್, ಖೋವಾ, ಹಾಲಿನ ಪುಡಿ, ವೇ ಪೌಡರ್ ಬೇಡ. ಎ2 ಹಾಲು, ಮೇಕೆ ಹಾಲು, ಬೀದಿಯಲ್ಲಿ ಕೂಗುತ್ತಾ ಬರುವ ಕತ್ತೆ ಹಾಲು, ಇವೆಲ್ಲದರಲ್ಲೂ ಇರುವುದು ಅದೇ ಲ್ಯಾಕ್ಟೋಸ್. "ಮೊಸರಾದ್ರೆ ಆಗುತ್ತಂತೆ ಅಲ್ವಾ?" ಅಂತ ಕೇಳುವವರು ಲ್ಯಾಕ್ಟೋಸ್ ಅರಗದವರ ವಿಷಯ ಕೇಳಿರುತ್ತಾರೆ. ಅದು ಬೇರೆ, ಇದು ಬೇರೆ. ಇದಕ್ಕಿಂತ ಅಪಾಯ "ಲ್ಯಾಕ್ಟೋಸ್ ಫ್ರೀ" ಅಂತ ಬರೆದ ಹಾಲಿನ ಪ್ಯಾಕೆಟ್. ಅದರಲ್ಲಿ ಲ್ಯಾಕ್ಟೋಸನ್ನು ಮೊದಲೇ ಒಡೆದಿರುತ್ತಾರೆ, ಗ್ಯಾಲಕ್ಟೋಸ್ ಹಾಗೇ ಉಳಿದಿರುತ್ತದೆ. ನಮ್ಮ ಮಕ್ಕಳಿಗೆ ಅದೂ ಹಾಲೇ.

ಇನ್ನು ಅನಾವಶ್ಯಕವಾಗಿ ಬಿಟ್ಟಿರುವುದು. ಹಿಂದೆ ಕೊಡುತ್ತಿದ್ದ ಪಟ್ಟಿಗಳಲ್ಲಿ ಬೇಳೆ, ಕಾಳು, ಟೊಮೆಟೊ, ಪರಂಗಿ ಅಂತ ಏನೇನೋ ಇರುತ್ತಿದ್ದವು. ನಮ್ಮ ಫ್ರಿಜ್ ಮೇಲೂ ಅಂಥದ್ದೊಂದು ಅಂಟಿಸಿತ್ತು. 2017ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹಣ್ಣು, ತರಕಾರಿ, ಕಾಳುಗಳಿಗೆ ತಡೆ ಬೇಡ ಅಂದಿತು. ಕಾರಣ ಸರಳ. ನಮ್ಮ ದೇಹವೇ ದಿನವೂ ತಾನೇ ಗ್ಯಾಲಕ್ಟೋಸ್ ತಯಾರಿಸುತ್ತದೆ. ದೊಡ್ಡವರಲ್ಲಿ ಅದು ಒಂದು ಗ್ರಾಂ ಆಸುಪಾಸು. ಅದರ ಮುಂದೆ ಒಂದು ಟೊಮೆಟೊದಲ್ಲಿರುವುದು ಏನೇನೂ ಅಲ್ಲ. ಹಳೇ ಪಟ್ಟಿ ಇಟ್ಟುಕೊಂಡವರು ಅದನ್ನು ಮುಂದಿನ ಭೇಟಿಯಲ್ಲಿ ಡಯಟಿಷಿಯನ್‌ಗೆ ತೋರಿಸಿ. ಅವರೆಕಾಳು, ಹುರುಳಿ, ಹೆಸರುಕಾಳು ತಟ್ಟೆಯಿಂದ ಹೋದರೆ ಪ್ರೋಟೀನೂ ಹೋಯಿತು. ಮೂಳೆಯ ಹಂದರ ಕಟ್ಟುವುದು ಪ್ರೋಟೀನೇ. ತುಪ್ಪದ ವಿಷಯದಲ್ಲಿ ಮಾತ್ರ ನಿಮ್ಮ ಕ್ಲಿನಿಕ್ ಏನು ಹೇಳುತ್ತದೋ ಹಾಗೆ ಮಾಡಿ.

ಹೆಜ್ಜೆ 3: ಪೆನ್ನು ಹಿಡಿದು ಕ್ಯಾಲ್ಸಿಯಂ ಕೂಡಿಸಿ

"ರಾಗಿ ತಿಂತಾಳೆ, ಸಾಕು ಬಿಡಿ" ಅಂತ ನಾವೂ ಅನ್ನುತ್ತಿದ್ದೆವು. ಸಾಕೋ ಇಲ್ಲವೋ ಕೂಡಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದ ಪ್ರಕಾರ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1ರಿಂದ 3 ವರ್ಷಕ್ಕೆ 500 ಮಿಲಿಗ್ರಾಂ, 4ರಿಂದ 6ಕ್ಕೆ 550, 7ರಿಂದ 9ಕ್ಕೆ 650, 10ರಿಂದ 12ಕ್ಕೆ 850, 13ರಿಂದ 15ಕ್ಕೆ 1000, 16ರಿಂದ 18ಕ್ಕೆ 1050, ದೊಡ್ಡವರಿಗೆ 1000.

ಮೂರು ದಿನ ಮಗು ತಿಂದದ್ದನ್ನೆಲ್ಲ ಬರೆದಿಡಿ. ಒಂದು ದಿನ ಭಾನುವಾರ ಇರಲಿ, ಅವತ್ತು ಊಟವೇ ಬೇರೆ. ಅಡುಗೆಮನೆ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ನಮ್ಮನೆಯ ಒಂದು ಸಾಧಾರಣ ದಿನ ಹೀಗಿತ್ತು.

ರಾಗಿ ಹಿಟ್ಟು 100 ಗ್ರಾಂಗೆ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ. 75 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಂದರೆ 270. ದಂಟಿನ ಸೊಪ್ಪು ಹಸಿಯಾಗಿ ತೂಗಿದರೆ 100 ಗ್ರಾಂಗೆ 330 ಹತ್ತಿರ. ಅವಳ ಪಾಲಿಗೆ ಬಂದ ಸಾರಿನಲ್ಲಿ 50 ಗ್ರಾಂ ಸೊಪ್ಪು ಇತ್ತು ಅಂತಿಟ್ಟುಕೊಂಡರೆ 165. ಎರಡು ಚಮಚ ಎಳ್ಳಿನ ಚಟ್ನಿಪುಡಿಯಿಂದ 75. ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ಒಂದು ಲೋಟ, ಪ್ಯಾಕೆಟ್ ಮೇಲೆ 100 ಮಿಲಿಗೆ 120 ಅಂತಿದ್ದರೆ 200 ಮಿಲಿಗೆ 240. ಒಟ್ಟು 750. ಬೇಕಾದದ್ದು 1000. ಉಳಿದ 250 ಮಾತ್ರೆಯಿಂದ ಬರಬೇಕು. ಲೆಕ್ಕ ಅಂದರೆ ಇಷ್ಟೇ. ಆದರೆ ಈ ಕಾಗದ ನೋಡಿದ ಮೇಲೆ ಡಾಕ್ಟ್ರು ಬರೆದ ಡೋಸೇ ಬೇರೆಯಾಯಿತು. ಅಲ್ಲಿವರೆಗೆ ಅಂದಾಜಿನಲ್ಲಿ ಕೊಡುತ್ತಿದ್ದರು, ಅವರಾದರೂ ಏನು ಮಾಡ್ತಾರೆ?

ಇದರಲ್ಲಿ ಕೆಲವು ಒಳಗುಟ್ಟುಗಳಿವೆ. ರಾಗಿಯಲ್ಲಿ ಫೈಟೇಟ್ ಅನ್ನುವ ಅಂಶ ಇರುತ್ತದೆ, ಅದು ಕ್ಯಾಲ್ಸಿಯಂ ಹೀರಿಕೊಳ್ಳಲು ಅಡ್ಡ ಬರುತ್ತದೆ. ನೆನೆಸಿ ಮೊಳಕೆ ಕಟ್ಟಿಸಿ ಒಣಗಿಸಿ ಬೀಸಿದರೆ, ಇಲ್ಲವೇ ಹಿಟ್ಟನ್ನು ಹುಳಿ ಬರಿಸಿ ದೋಸೆ ಹೊಯ್ದರೆ ಅದು ಇಳಿಯುತ್ತದೆ. ನಮ್ಮತ್ತೆ ರಾಗಿ ಹುರಿಹಿಟ್ಟಿಗೆ ಮೊಳಕೆ ಕಟ್ಟುತ್ತಿದ್ದದ್ದು ರುಚಿಗೆ ಅಂದುಕೊಂಡಿದ್ದೆ. ಪಾಲಕ್ ಸೊಪ್ಪನ್ನು ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಬಿಟ್ಟುಕೊಡುವುದಿಲ್ಲ. ನುಗ್ಗೆ ಸೊಪ್ಪು ಅದಕ್ಕಿಂತ ಎಷ್ಟೋ ವಾಸಿ. ಎಳ್ಳನ್ನು ಸಿಪ್ಪೆ ಸಮೇತ ಬಳಸಿ, ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಬಹಳಷ್ಟು ಹೋಗಿರುತ್ತದೆ. ಮೀನು ತಿನ್ನುವ ಮನೆಯಾದರೆ ಮುಳ್ಳಿನ ಸಮೇತ ಅಗಿಯಬಹುದಾದ ಸಣ್ಣ ಮೀನು ಬಿಡಬೇಡಿ. ಸೋಯಾ ಹಾಲಿನ ಪ್ಯಾಕೆಟ್ ಚೆನ್ನಾಗಿ ಅಲ್ಲಾಡಿಸಿ, ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ. ಮನೆಯಲ್ಲೇ ಸೋಯಾ ರುಬ್ಬಿ ಹಾಲು ತೆಗೆದರೆ ಅದರಲ್ಲಿ ಬೆರೆಸಿದ ಕ್ಯಾಲ್ಸಿಯಂ ಇರುವುದಿಲ್ಲ. ತೆಂಗಿನ ಹಾಲು, ಬಾದಾಮಿ ಹಾಲೂ ಅಷ್ಟೇ. ಬಣ್ಣ ಒಂದೇ ಆದ ಮಾತ್ರಕ್ಕೆ ಹಾಲಾಗುವುದಿಲ್ಲ.

ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ ಬಿಡಿ ಅಂತ ಹೇಳುವಷ್ಟು ಕಟುಕಳಲ್ಲ ನಾನು. ಎರಡೂ ಒಂದೇ ಊಟಕ್ಕೆ ಬೇಡ ಅಂತೀನಿ ಅಷ್ಟೇ.

ಶಾಲೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲಿದೆ, ಈಚೆಗೆ ಕೆಲವು ದಿನ ರಾಗಿ ಮಾಲ್ಟೂ ಇದೆ. ರಾಗಿ ಅಂದ ತಕ್ಷಣ ನಿಶ್ಚಿಂತೆ ಬೇಡ, ಮಾಲ್ಟನ್ನು ಹಾಲಿನಲ್ಲೇ ಕಲಸಿರುತ್ತಾರೆ. ಅಂಗಡಿಯ ರಾಗಿ ಮಾಲ್ಟ್ ಪುಡಿಯಲ್ಲೂ ಹಾಲಿನ ಪುಡಿ ಇರಬಹುದು. ಮೇಷ್ಟ್ರಿಗೆ ಬಾಯಲ್ಲಿ ಹೇಳಿದರೆ ಸಾಲದು, ಡಾಕ್ಟ್ರ ಚೀಟಿಯ ಜೊತೆ ಬರೆದು ಕೊಡಿ. ಅಡುಗೆಯವರಿಗೂ ಒಂದು ಪ್ರತಿ ಇರಲಿ.

ಹೆಜ್ಜೆ 4: ಮಾತ್ರೆಯ ಹಿಂಬದಿ ಓದಿ

ಇಲ್ಲಿ ನಾವು ಮುಗ್ಗರಿಸಿದ್ದೆವು. ಹಲ್ಲು ಬರಲಿ, ಮೂಳೆ ಗಟ್ಟಿಯಾಗಲಿ ಅಂತ ಮಕ್ಕಳಿಗೆ ಕೊಡುವ ಸಣ್ಣ ಬಿಳಿ ಬಯೋಕೆಮಿಕ್ ಮಾತ್ರೆ ಗೊತ್ತಲ್ಲ, ಬಾಯಲ್ಲಿ ಇಟ್ಟರೆ ಕರಗುತ್ತದೆ, ಸಿಹಿ ಇರುತ್ತದೆ. ಆ ಸಿಹಿ ಲ್ಯಾಕ್ಟೋಸಿನದೇ. ಹಾಲಿನ ಸಕ್ಕರೆಯಲ್ಲೇ ಅದನ್ನು ಅರೆದು ಮಾಡುತ್ತಾರೆ. ನೆಂಟರೊಬ್ಬರು ಪ್ರೀತಿಯಿಂದ ಕೊಟ್ಟ ಶೀಶೆಯನ್ನು ನಾಲ್ಕು ತಿಂಗಳು ಕೊಟ್ಟಿದ್ದೆವು. ಮೂಳೆಗೆ ಒಳ್ಳೆಯದಾಗಲಿ ಅಂತ ಹಾಲಿನ ಸಕ್ಕರೆಯನ್ನೇ ತಿನ್ನಿಸಿದ್ದೆವು.

ಅಲೋಪತಿ ಮಾತ್ರೆಗಳಲ್ಲೂ ಗಾತ್ರ ತುಂಬಲು ಲ್ಯಾಕ್ಟೋಸ್ ಹಾಕುವುದು ಮಾಮೂಲು. ಮಾತ್ರೆಯ ಸ್ಟ್ರಿಪ್ ಮೇಲೆ ಎಲ್ಲ ಸಲವೂ ಬರೆದಿರುವುದಿಲ್ಲ. ಮೆಡಿಕಲ್ ಶಾಪಿನವರಿಗೆ ಒಳಗಿನ ಚೀಟಿ ತೋರಿಸಲು ಹೇಳಿ, ಇಲ್ಲವೇ ಕಂಪನಿಗೆ ಇಮೇಲ್ ಮಾಡಿ ಕೇಳಿ. ಉತ್ತರ ಬಂದರೆ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಬ್ರ್ಯಾಂಡ್ ಬದಲಿಸಿ ಕೊಟ್ಟರೆ ಮತ್ತೆ ಮೊದಲಿನಿಂದ ಕೇಳಬೇಕು. ಹೆಸರುಗಳಲ್ಲಿ ಗೊಂದಲ ಆಗುತ್ತದೆ. ಕ್ಯಾಲ್ಸಿಯಂ ಲ್ಯಾಕ್ಟೇಟ್‌ನಲ್ಲಿ ಲ್ಯಾಕ್ಟೋಸ್ ಇಲ್ಲ, ಅದು ಆಗುತ್ತದೆ. ಲ್ಯಾಕ್ಟೊಬಯೋನೇಟ್ ಅಂತಿದ್ದರೆ ಬೇಡ, ಅದರಲ್ಲಿ ಗ್ಯಾಲಕ್ಟೋಸ್ ಇದೆ. ಕಾರ್ಬೊನೇಟ್, ಸಿಟ್ರೇಟ್ ಎರಡೂ ಸರಿ.

ಡಬ್ಬಿಯ ಮೇಲಿನ ಸಂಖ್ಯೆಯನ್ನೂ ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಅಂದರೆ ಒಳಗಿರುವ ಕ್ಯಾಲ್ಸಿಯಂ 500 ಮಾತ್ರ, ನೂರಕ್ಕೆ ನಲವತ್ತು. ಸಿಟ್ರೇಟ್‌ನಲ್ಲಿ ನೂರಕ್ಕೆ ಇಪ್ಪತ್ತೊಂದು. ನಿಮ್ಮ ಲೆಕ್ಕಕ್ಕೆ ಬರುವುದು ಒಳಗಿನ ಸಂಖ್ಯೆ. ಒಂದು ಹೊತ್ತಿಗೆ 500ಕ್ಕಿಂತ ಜಾಸ್ತಿ ಕೊಟ್ಟರೆ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಎರಡು ಹೊತ್ತಿಗೆ ಹಂಚಿ. ಕಾರ್ಬೊನೇಟ್ ಊಟದ ಜೊತೆ. ಕಬ್ಬಿಣದ ಮಾತ್ರೆ ಬೇರೆ ಹೊತ್ತಿಗೆ. ಥೈರಾಯ್ಡ್ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ.

ಕ್ಯಾಲ್ಸಿಯಂ ಮಾತ್ರೆಯಿಂದ ಮಲಬದ್ಧತೆ ಆಗುವುದುಂಟು. ಆಗ ಅಂಗಡಿಯಲ್ಲಿ ಕೇಳದೆಯೇ ಕೊಡುವ ಸಿಹಿ ಸಿರಪ್ ಲ್ಯಾಕ್ಟುಲೋಸ್. ಅದೂ ಬೇಡ, ಅದರಲ್ಲೂ ಗ್ಯಾಲಕ್ಟೋಸ್ ಇದೆ. ಬೇರೆ ಔಷಧಿ ಬರೆಸಿಕೊಳ್ಳಿ. ಮನೆಯಲ್ಲಿ ಹಿರಿಯರು "ಒಂಚೂರು ಸುಣ್ಣ ನೀರಲ್ಲಿ ಕದಡಿ ಕೊಡು" ಅಂದರೆ ನಕ್ಕು ಬೇರೆ ಮಾತೆತ್ತಿ. ಬಾಯಿ, ಗಂಟಲು ಸುಟ್ಟುಕೊಳ್ಳುವ ವಸ್ತು ಅದು.

ಇಷ್ಟು ಹೆದರಿಸಿದ ಮೇಲೆ ಒಂದು ಮಾತು. ತುರ್ತು ಹೊತ್ತಿನಲ್ಲಿ ಬೇಕೇ ಬೇಕಾದ ಮಾತ್ರೆಯಲ್ಲಿ ಲ್ಯಾಕ್ಟೋಸ್ ಇದೆ ಅಂತ ಹಠ ಹಿಡಿದು ನಿಲ್ಲಿಸಬೇಡಿ. ಡಾಕ್ಟ್ರಿಗೆ ಕಾಯಿಲೆಯ ಹೆಸರು ಹೇಳಿ, ಅವರು ತೂಗಿ ನೋಡುತ್ತಾರೆ. ವರ್ಷಗಟ್ಟಲೆ ದಿನಾ ನುಂಗುವ ಮಾತ್ರೆಗೆ ಮಾತ್ರ ಲ್ಯಾಕ್ಟೋಸ್ ಇಲ್ಲದ್ದನ್ನೇ ಹುಡುಕಿ.

ಹೆಜ್ಜೆ 5: ಬಿಸಿಲು, ಡಿ, ಮತ್ತು ಕುಣಿದಾಟ

ಬೆಳಗಿನ ಎಳೆಬಿಸಿಲಿನಲ್ಲಿ ಕೂರಿಸಿದರೆ ವಿಟಮಿನ್ ಡಿ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಓರೆಯಾಗಿ ಬೀಳುವ ಆ ಬಿಸಿಲಿನಲ್ಲಿ ಡಿ ಹುಟ್ಟಿಸುವ ಕಿರಣ ತೀರಾ ಕಡಿಮೆ. ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲು ಬೇಕು, ತೋಳು ಕಾಲು ತೆರೆದಿರಬೇಕು. ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲು ಲೆಕ್ಕಕ್ಕಿಲ್ಲ. ಶಾಲೆ, ಟ್ಯೂಷನ್ ನಡುವೆ ಇದು ಎಲ್ಲಿ ಸಾಧ್ಯ? ಹಾಗಾಗಿ ವರ್ಷಕ್ಕೊಮ್ಮೆ ರಕ್ತದಲ್ಲಿ ವಿಟಮಿನ್ ಡಿ ನೋಡಿಸಿ. ಮಿಲಿಲೀಟರ್‌ಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ. 60,000 ಯೂನಿಟ್ಟಿನ ಪ್ಯಾಕೆಟ್ ಬರೆದುಕೊಟ್ಟರೆ ಎಷ್ಟು ವಾರ ಅಂತ ಕೇಳಿ ಬರೆದುಕೊಳ್ಳಿ. ಅಷ್ಟಕ್ಕೆ ನಿಲ್ಲಿಸಿ. ಸುಮ್ನೆ ಮುಂದುವರಿಸಿದರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ. ಅಂಗಡಿಯಲ್ಲಿ "ಹಾಲಲ್ಲಿ ಹಾಕಿ ಕೊಡಿ" ಅಂತ ಹೇಳಿ ಕಳಿಸುತ್ತಾರೆ. ನೀರಿನಲ್ಲೋ ಸೋಯಾ ಹಾಲಿನಲ್ಲೋ, ಊಟ ಆದ ಮೇಲೆ ಕೊಡಿ.

ವಿಟಮಿನ್ ಕೆ ಕೂಡ ಮೂಳೆಗೆ ಬೇಕು. ನೆದರ್‌ಲೆಂಡ್ಸ್‌ನಲ್ಲಿ ಈ ಕಾಯಿಲೆಯ ಮಕ್ಕಳಿಗೆ ಎರಡು ವರ್ಷ ಕ್ಯಾಲ್ಸಿಯಂ, ಡಿ, ಕೆ ಮೂರನ್ನೂ ಒಟ್ಟಿಗೆ ಕೊಟ್ಟು ನೋಡಿದ್ದರು. ಇನ್ನೂ ಮೈನೆರೆಯದ ಮಕ್ಕಳಲ್ಲಿ ಮೂಳೆಯ ಖನಿಜ ಹೆಚ್ಚಿತು. ಕೆ ಮಾತ್ರೆ ಬೇಕೋ ಅಂತ ಡಾಕ್ಟ್ರು ಹೇಳಲಿ, ಅಲ್ಲಿವರೆಗೆ ಸೊಪ್ಪಿನ ಸಾರು ಇದೆಯಲ್ಲ.

ಭಾರ ಬಿದ್ದರೆ ಮೂಳೆ ಬಲವಾಗುತ್ತದೆ. ಕುಂಟೆಬಿಲ್ಲೆ, ಹಗ್ಗದಾಟ, ಖೋಖೋ, ಮೆಟ್ಟಿಲು ಹತ್ತುವುದು ಇವೆಲ್ಲ ಆಗುತ್ತವೆ. ಈಜು, ಸೈಕಲ್ ದೇಹಕ್ಕೆ ಒಳ್ಳೆಯದು, ಮೂಳೆಗೆ ಅಷ್ಟಕ್ಕಷ್ಟೆ. ಈ ಕಾಯಿಲೆಯಲ್ಲಿ ಕೆಲವರಿಗೆ ಕೈ ನಡುಕ, ನಡಿಗೆಯಲ್ಲಿ ಹಿಡಿತ ತಪ್ಪುವುದು ಇರುತ್ತದೆ. ಅಂಥವರಿಗೆ ಫಿಸಿಯೋಥೆರಪಿಸ್ಟ್ ಹೇಳಿದ ವ್ಯಾಯಾಮ ಮಾಡಿಸಿ. "ಬಿದ್ದುಬಿಡ್ತಾಳೆ" ಅಂತ ಕೂರಿಸಿಟ್ಟರೆ ಮೂಳೆ ಇನ್ನೂ ಸೊರಗುತ್ತದೆ.

ಹೆಜ್ಜೆ 6: ಡೆಕ್ಸಾ ಸ್ಕ್ಯಾನ್, ಅದನ್ನು ಓದುವ ಬಗೆ

ಡೆಕ್ಸಾ ಅಂದರೆ ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಸ್ಕ್ಯಾನ್. 8ರಿಂದ 10 ವರ್ಷದ ಹೊತ್ತಿಗೆ ಮೊದಲನೆಯದು ಆಗಬೇಕು ಅನ್ನುತ್ತದೆ ಅದೇ 2017ರ ಮಾರ್ಗಸೂಚಿ. ನೋವಿಲ್ಲ, ವಿಕಿರಣ ತೀರಾ ಅತ್ಯಲ್ಪ, ಸ್ವಲ್ಪ ಹೊತ್ತು ಅಲ್ಲಾಡದೆ ಮಲಗಿದರೆ ಮುಗಿಯಿತು. ಕಷ್ಟ ಇರುವುದು ರಿಪೋರ್ಟಿನಲ್ಲಿ. ಮಗಳಿಗೆ ಒಂಬತ್ತು ವರ್ಷ ಇದ್ದಾಗ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಮಾಡಿಸಿದೆವು. ರಿಪೋರ್ಟಿನಲ್ಲಿ "ಆಸ್ಟಿಯೋಪೊರೋಸಿಸ್" ಅಂತ, ಅಂದರೆ ಮೂಳೆ ಟೊಳ್ಳಾಗಿದೆ ಅಂತ ದಪ್ಪ ಅಕ್ಷರ. ಮೂರು ರಾತ್ರಿ ನಿದ್ದೆ ಇಲ್ಲ. ಆಮೇಲೆ ನೋಡಿದರೆ ಅವರು ಟಿ ಸ್ಕೋರ್ ಹಾಕಿದ್ದರು. ಟಿ ಸ್ಕೋರ್ ಹೋಲಿಸುವುದು ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಜನರ ಮೂಳೆಗೆ. ಒಂಬತ್ತರ ಹುಡುಗಿಯನ್ನು ಅದಕ್ಕೆ ಹೋಲಿಸಿದರೆ ಕಡಿಮೆ ಬರದೆ ಇನ್ನೇನು?

ಮಕ್ಕಳಿಗೆ ಬೇಕಾದದ್ದು ಝಡ್ ಸ್ಕೋರ್, ಅಂದರೆ ಅದೇ ವಯಸ್ಸಿನವರ ಜೊತೆ ಹೋಲಿಕೆ. ಬುಕ್ ಮಾಡುವಾಗಲೇ ಹೇಳಿ: ಮಕ್ಕಳ ಲೆಕ್ಕ ಬೇಕು, ಬೆನ್ನುಮೂಳೆ ಮತ್ತು ತಲೆ ಬಿಟ್ಟು ಇಡೀ ದೇಹ ನೋಡಬೇಕು. ಮಗು ಗಿಡ್ಡ ಇದ್ದರೆ ಎತ್ತರಕ್ಕೆ ಸರಿಹೊಂದಿಸಿ ಓದಬೇಕು, ಇಲ್ಲದಿದ್ದರೆ ಸಣ್ಣ ಮೂಳೆಯನ್ನೇ ದುರ್ಬಲ ಮೂಳೆ ಅಂತ ತೋರಿಸುತ್ತದೆ. ಮುಂದಿನ ಸಲವೂ ಅದೇ ಮೆಷಿನ್ನಿನಲ್ಲಿ ಮಾಡಿಸಿ. ಝಡ್ ಸ್ಕೋರ್ ಮೈನಸ್ 2 ಅಥವಾ ಅದಕ್ಕಿಂತ ಕೆಳಗೆ ಬಂದರೆ ವಯಸ್ಸಿಗೆ ತಕ್ಕಷ್ಟಿಲ್ಲ ಅಂತ ಅರ್ಥ. ಆಗ ಆಹಾರದ ಲೆಕ್ಕ, ವಿಟಮಿನ್ ಡಿ, ಹಾರ್ಮೋನು, ಹಿಂದೆ ಮುರಿದ ಮೂಳೆಗಳ ವಿವರ ಎಲ್ಲ ಒಟ್ಟಿಗೆ ನೋಡುತ್ತಾರೆ. ರಕ್ತದ ರಿಪೋರ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಮುಂದೆ ಕೆಂಪು ಗುರುತು ಕಂಡರೂ ಗಾಬರಿ ಬೇಡ. ಬೆಳೆಯುವ ಮಕ್ಕಳಲ್ಲಿ ಅದು ದೊಡ್ಡವರಿಗಿಂತ ಹೆಚ್ಚೇ ಇರುತ್ತದೆ. ಮಕ್ಕಳ ಮಿತಿ ಎಷ್ಟು ಅಂತ ಕೇಳಿ.

ಹೆಜ್ಜೆ 7: ಹೆಣ್ಣುಮಕ್ಕಳಿದ್ದರೆ ಮುಟ್ಟಿಗೆ ಕಾಯುತ್ತಾ ಕೂರಬೇಡಿ

ಇದನ್ನು ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿಯಮ್ಮ, ಆದ್ರೆ ನನ್ನ ಹೆಸರು ಬೇಡ" ಅಂದಳು.

ಪಥ್ಯ ಎಷ್ಟೇ ಚೆನ್ನಾಗಿ ಮಾಡಿದರೂ ಈ ಕಾಯಿಲೆಯ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಅಂಡಾಶಯ ಬೇಗನೆ ಸೋಲುತ್ತದೆ. ಈಸ್ಟ್ರೊಜೆನ್ ಅನ್ನುವ ಹೆಣ್ಣಿನ ಹಾರ್ಮೋನು ಸಾಲುವುದಿಲ್ಲ. ಮೈನೆರೆಯುವ ವಯಸ್ಸಿನಲ್ಲೇ ಮೂಳೆ ಅತಿ ವೇಗವಾಗಿ ಖನಿಜ ತುಂಬಿಕೊಳ್ಳುವುದು, ಅದಕ್ಕೆ ಈಸ್ಟ್ರೊಜೆನ್ ಬೇಕು. ಆ ಹೊತ್ತಿನಲ್ಲಿ ಎಷ್ಟೇ ರಾಗಿ ಸುರಿದರೂ ಹಾರ್ಮೋನು ಇಲ್ಲದಿದ್ದರೆ ಅರ್ಧ ಕೆಲಸವೇ. ಹುಡುಗರಲ್ಲಿ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಆದರೆ ಅವರ ಮೂಳೆಯೂ ಸೊರಗುವುದುಂಟು, ಹಾಗಾಗಿ ಉಳಿದ ಹೆಜ್ಜೆಗಳೆಲ್ಲ ಅವರಿಗೂ ಸೇರಿದವು.

12 ವರ್ಷ ತುಂಬಿದರೂ ಎದೆ ಬೆಳೆಯುವ ಲಕ್ಷಣ ಇಲ್ಲ, ಅಥವಾ 14 ಆದರೂ ಮುಟ್ಟು ಸರಿಯಾಗಿ ಬರುತ್ತಿಲ್ಲ ಅಂದರೆ ರಕ್ತದಲ್ಲಿ ಹಾರ್ಮೋನು ನೋಡಿಸಬೇಕು. ನಮಗೂ ಡಾಕ್ಟ್ರು ಇದನ್ನು ಮೊದಲೇ ಹೇಳಿದ್ದರು. "ಬರುತ್ತೆ ಬಿಡೇ, ನನಗೂ ಹದಿನಾರಕ್ಕೇ ಆಗಿದ್ದು" ಅಂದರು ಅತ್ತೆ. ಅವರ ಮಾತು ಹಿತವಾಗಿತ್ತು, ಆರು ತಿಂಗಳು ಕಾದೆ. ತಪ್ಪು ಅತ್ತೆಯದಲ್ಲ, ಗೊತ್ತಿದ್ದವಳು ನಾನು.

ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನಿನ ಡಾಕ್ಟ್ರು, ಮೊದಲು ತೀರಾ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಶುರು ಮಾಡಿ, ಎರಡು ಮೂರು ವರ್ಷದಲ್ಲಿ ನಿಧಾನಕ್ಕೆ ಏರಿಸುತ್ತಾರೆ. ಮೈ ತಾನಾಗಿ ನೆರೆಯುವಾಗಲೂ ಹೀಗೇ ಮೆಲ್ಲಗೆ ಏರುವುದು. ಒಮ್ಮೆಲೇ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟು "ಮುಟ್ಟು ಬರಿಸೋಣ" ಅಂತ ಯಾರಾದರೂ ಹೊರಟರೆ ಇನ್ನೊಬ್ಬ ಡಾಕ್ಟ್ರನ್ನು ಕೇಳಿ. ಈಸ್ಟ್ರೊಜೆನ್ ಮಾತ್ರೆಗಳಲ್ಲೂ ಲ್ಯಾಕ್ಟೋಸ್ ಇರುವುದು ಹೆಚ್ಚು. ಚರ್ಮಕ್ಕೆ ಅಂಟಿಸುವ ಪ್ಯಾಚ್, ಹಚ್ಚುವ ಜೆಲ್ ಇವೆ, ಅವು ಹೊಂದುತ್ತವೆಯೇ ಅಂತ ಕೇಳಿ ನೋಡಿ. ಮುಂದೆ ಮಕ್ಕಳಾಗುವುದೇ ಇಲ್ಲ ಅಂತ ಈಗಲೇ ತೀರ್ಪು ಕೊಡಬೇಡಿ, ಮಗಳ ಎದುರು ಅಂತೂ ಬೇಡವೇ ಬೇಡ. ಅಂಡಾಶಯ ಸೋತಿದೆ ಅಂದ ಮೇಲೂ ತಾವಾಗಿಯೇ ಬಸಿರಾದವರಿದ್ದಾರೆ.

ಹೆಜ್ಜೆ 8: ಫೈಲನ್ನು ಮಗುವಿನ ಕೈಗೆ ದಾಟಿಸಿ

18 ಆದ ಮೇಲೆ ಮಕ್ಕಳ ಆಸ್ಪತ್ರೆ ಬಿಡಬೇಕಾಗುತ್ತದೆ. ದೊಡ್ಡವರ ಆಸ್ಪತ್ರೆಯಲ್ಲಿ ಈ ಕಾಯಿಲೆ ನೋಡಿದವರೇ ಕಡಿಮೆ. ಅದಕ್ಕೆ ನಾವು ಈಗಿನಿಂದಲೇ ಒಂದು ಪುಟ ಮಾಡಿಟ್ಟಿದ್ದೇವೆ: ಕಾಯಿಲೆಯ ಬಗೆ, ಬೇಡದ ಪದಾರ್ಥ, ಲ್ಯಾಕ್ಟೋಸ್ ಇಲ್ಲ ಅಂತ ಖಾತ್ರಿಯಾದ ಮಾತ್ರೆಗಳು, ಕೊನೆಯ ಡೆಕ್ಸಾ ಮತ್ತು ಯಾವ ಮೆಷಿನ್, ವಿಟಮಿನ್ ಡಿ ಸಂಖ್ಯೆ, ಹಾರ್ಮೋನಿನ ಡೋಸು, ಮುರಿದ ಮೂಳೆ ಇದ್ದರೆ ಯಾವಾಗ ಹೇಗೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಮಗಳ ಫೋನಿನಲ್ಲಿ ಅದರ ಫೋಟೊ ಇದೆ. ಈ ಸಲದ ಕ್ಯಾಲ್ಸಿಯಂ ಲೆಕ್ಕ ಅವಳೇ ಬರೆದಳು. ಶನಿವಾರ ಅಜ್ಜಿ ಕೊಟ್ಟ ಎರಡು ಎಳ್ಳುಂಡೆ ನನ್ನ ಲೆಕ್ಕಕ್ಕೆ ಯಾವತ್ತೂ ಬಂದಿರಲಿಲ್ಲ, ಅವಳ ಲೆಕ್ಕದಲ್ಲಿತ್ತು.